ಗಾಜು ಹೊದ್ದ ಕಬ್ಬಿಣಕ್ಕೆ ಮೂವತ್ತು ಸಾವಿರ

ಎನಾಮಲ್, ಅಂದರೆ ಗಾಜಿನ ಪದರ, ಲೇಪಿಸಿದ ಬೀಡು ಕಬ್ಬಿಣದ ಪಾತ್ರೆಯೊಂದನ್ನು ಕೊಳ್ಳಬೇಕೋ ಬೇಡವೋ ಎಂಬ ಪ್ರಶ್ನೆ ನಮ್ಮ ಮನೆಯಲ್ಲಿ ಎದ್ದು ಬಹಳ ದಿನಗಳಾದವು. ಅದನ್ನು ಎಬ್ಬಿಸಿದವಳು ಸಿಯಾಟಲ್‌ನಲ್ಲಿರುವ ನನ್ನ ತಂಗಿ. ಬೆಂಗಳೂರಿಗೆ ಬರುವಾಗ ಲ ಕ್ರೂಸೆ ಎಂಬ ಫ್ರೆಂಚ್ ಕಂಪನಿಯ ಇಂಥದೊಂದು ಪಾತ್ರೆಯನ್ನು ನನಗೆ ತಂದುಕೊಡುವ ಉತ್ಸಾಹ ಅವಳಿಗೆ. ಮುಚ್ಚಳವೂ ಸೇರಿ ಐದು ಕಿಲೋ ದಾಟುವ ಆ ಪಾತ್ರೆ, ವಿಮಾನದವರು ಬಿಡುವ 23 ಕಿಲೋದಲ್ಲಿ ಹತ್ತಿರ ಹತ್ತಿರ ಕಾಲುಭಾಗವನ್ನು ತಿಂದುಹಾಕುತ್ತದೆ ಎಂಬುದನ್ನೂ ಲೆಕ್ಕಿಸದೆ, "ಬಣ್ಣ ಯಾವುದು ಬೇಕು ಹೇಳಕ್ಕ" ಎಂದು ಕೇಳುತ್ತಿದ್ದಾಳೆ. 26 ಸೆಂಟಿಮೀಟರ್ ಅಗಲದ, 5.3 ಲೀಟರ್ ಹಿಡಿಯುವ ಈ ಪಾತ್ರೆಗೆ ಅಮೆರಿಕದಲ್ಲಿ 400 ಡಾಲರಿಗೂ ಮೇಲೆ ಬೆಲೆಯಿದೆ; ನಮ್ಮ ಲೆಕ್ಕದಲ್ಲಿ 30,000 ರೂಪಾಯಿ ದಾಟಿತು. ದುಡ್ಡು ಅವಳದೇ ಆದರೂ ಇದು ನನಗೆ ಪುಕ್ಕಟೆಯೇನಲ್ಲ. ಅಷ್ಟು ದುಬಾರಿ ಪಾತ್ರೆ ಮನೆಗೆ ಬಂದರೆ ಅದನ್ನು ಬಳಸಲೇಬೇಕೆಂಬ ಋಣವೂ ಅದರ ಜೊತೆಗೇ ಬರುತ್ತದೆ. ಹಾಗಾಗಿ ಬಣ್ಣ ಹೇಳುವುದಕ್ಕೆ ಮೊದಲು, ಈ ವಸ್ತು ನಿಜಕ್ಕೂ ಏನು ಮಾಡುತ್ತದೆ, ನಮ್ಮ ಅಡುಗೆಗೆ ಅದರಿಂದ ಎಷ್ಟು ಉಪಯೋಗ ಎಂದು ತಿಳಿದುಕೊಳ್ಳಲು ಕುಳಿತೆ.

ಬೀಡು ಕಬ್ಬಿಣ ಸ್ವತಃ ದುಬಾರಿ ವಸ್ತುವಲ್ಲ. ಇಂಗ್ಲೆಂಡಿನ ಅಬ್ರಹಾಂ ಡಾರ್ಬಿ 1707ರಲ್ಲಿ ಮರಳಿನ ಅಚ್ಚಿನಲ್ಲಿ ಕಬ್ಬಿಣದ ಪಾತ್ರೆಗಳನ್ನು ಎರಕ ಹೊಯ್ಯುವ ವಿಧಾನಕ್ಕೆ ಪೇಟೆಂಟ್ ಪಡೆದದ್ದೇ, ಹಿತ್ತಾಳೆ ಕೊಳ್ಳಲಾರದವರಿಗೂ ಅಗ್ಗದ ಅಡುಗೆ ಪಾತ್ರೆ ಸಿಗಲಿ ಎಂದು. ಎರಕದ ಕಾರ್ಖಾನೆಗಳು ನಮ್ಮ ಬೆಳಗಾವಿಯಲ್ಲೇ ಬೇಕಾದಷ್ಟಿವೆ; ಒಳ್ಳೆಯ ಬೀಡಿನ ಕಾವಲಿ ಒಂದೆರಡು ಸಾವಿರ ರೂಪಾಯಿಯೊಳಗೆ ಬರುತ್ತದೆ. ಮಿಕ್ಕ ಬೆಲೆಯೆಲ್ಲ ಅದರ ಮೇಲಿನ ಗಾಜಿನ ಪದರಕ್ಕೆ ಮತ್ತು, ಹೇಳದಿದ್ದರೆ ತಪ್ಪಾದೀತು, ಹೆಸರಿಗೆ. ಉತ್ತರ ಫ್ರಾನ್ಸಿನ ಫ್ರೆಸ್ನ್ವಾ-ಲ-ಗ್ರಾಂ ಎಂಬ ಊರಿನಲ್ಲಿ 1925ರಲ್ಲಿ ಲ ಕ್ರೂಸೆ ಕಂಪನಿ ಹುಟ್ಟಿದಾಗ ಅದರಲ್ಲಿ ಪಾಲುದಾರರಾದ ಇಬ್ಬರು ಬೆಲ್ಜಿಯನ್ನರಲ್ಲಿ ಒಬ್ಬರು ಎರಕ ಬಲ್ಲವರು, ಇನ್ನೊಬ್ಬರು ಎನಾಮಲ್ ಬಲ್ಲವರು. ಆ ಪಾಲುದಾರಿಕೆಯಲ್ಲೇ ಈ ಪಾತ್ರೆಯ ಕಷ್ಟವೆಲ್ಲ ಅಡಗಿದೆ. ಒಂದು ಪಾತ್ರೆಗೆ ಒಂದು ಮರಳಚ್ಚು. ಎರಕವಾದ ಮೇಲೆ ಅಚ್ಚನ್ನು ಒಡೆದೇ ಪಾತ್ರೆಯನ್ನು ಹೊರತೆಗೆಯಬೇಕು. ಅದರ ಮೈಯನ್ನು ಉಜ್ಜಿ ನಯಮಾಡಿ, ನೀರಿನಲ್ಲಿ ಕಲಸಿದ ಗಾಜಿನ ಪುಡಿಯನ್ನು ಒಂದಕ್ಕಿಂತ ಹೆಚ್ಚು ಸಲ ಸಿಂಪಡಿಸಿ, ಸುಮಾರು 800 ಡಿಗ್ರಿ ಸೆಲ್ಸಿಯಸ್ ಶಾಖದ ಕುಲುಮೆಯಲ್ಲಿ ಬೇಯಿಸುತ್ತಾರೆ. ಗಾಜು ಕರಗಿ ಕಬ್ಬಿಣಕ್ಕೆ ಬೆಸೆದುಕೊಳ್ಳುತ್ತದೆ. ಆರುವಾಗ ಕಬ್ಬಿಣ ಗಾಜಿಗಿಂತ ತುಸು ಹೆಚ್ಚು ಕುಗ್ಗಬೇಕು; ಆಗ ಗಾಜು ಸದಾ ಅದುಮಿಟ್ಟಂತೆ ಇದ್ದು ಗಟ್ಟಿಯಾಗಿರುತ್ತದೆ. ಈ ಹೊಂದಾಣಿಕೆ ಸ್ವಲ್ಪ ತಪ್ಪಿದರೂ ಪದರ ಕೂದಲೆಳೆಯಂತೆ ಸೀಳುತ್ತದೆ ಅಥವಾ ಚಕ್ಕೆ ಏಳುತ್ತದೆ. ಹೀಗೆ ಕೆಟ್ಟ ಪಾತ್ರೆಗಳನ್ನು ಆರಿಸಿ ತೆಗೆಯುವುದಕ್ಕೂ ನಾವೇ ದುಡ್ಡು ಕೊಡುತ್ತೇವೆ.

ಇಷ್ಟು ಕಷ್ಟಪಟ್ಟು ಹಚ್ಚಿದ ಗಾಜಿನ ಮುಖ್ಯ ಕೆಲಸ ಹುಳಿಯನ್ನು ಕಬ್ಬಿಣದಿಂದ ದೂರವಿಡುವುದು. ಲೇಪವಿಲ್ಲದ ಬೀಡಿನ ಪಾತ್ರೆಯಲ್ಲಿ ಹುಣಸೆಹಣ್ಣಿನ ರಸ ಕುದಿಸಿ ನೋಡಿದವರಿಗೆ ಗೊತ್ತು, ಸಾರು ಕಪ್ಪಗಾಗಿ ನಾಲಿಗೆಗೆ ಕಬ್ಬಿಣದ ರುಚಿ ಹತ್ತುತ್ತದೆ. ಎಣ್ಣೆ ಕಾಯಿಸಿ ಕಾಯಿಸಿ ಪಳಗಿಸಿದ ಮೇಲ್ಮೈಯೂ ಕಿತ್ತುಬರುತ್ತದೆ. ಈ ದೃಷ್ಟಿಯಿಂದ ನೋಡಿದರೆ ಎನಾಮಲ್ ಪಾತ್ರೆಯ ಅಗತ್ಯ ನಮ್ಮಷ್ಟು ಬೇರೆ ಯಾರಿಗೂ ಇರಲಾರದು. ಹುಳಿ, ಸಾರು, ಗೊಜ್ಜು, ಮೆಣಸ್ಕಾಯಿ, ಬಿಸಿಬೇಳೆಬಾತು, ಪುಳಿಯೋಗರೆಯ ಗೊಜ್ಜು, ಯಾವುದನ್ನು ತೆಗೆದುಕೊಂಡರೂ ಹುಣಸೆಹಣ್ಣು ಇದ್ದೇ ಇದೆ. ಆದರೆ ನಮ್ಮವರು ಈ ತೊಡಕಿಗೆ ಪರಿಹಾರವನ್ನು ಎಂದೋ ಕಂಡುಕೊಂಡಿದ್ದರು. ಹಿತ್ತಾಳೆ ಪಾತ್ರೆಯ ಒಳಮೈಗೆ ಕಲಾಯಿ ಹಾಕಿಸುವುದು ಎನಾಮಲ್ ಮಾಡುವ ಕೆಲಸವನ್ನೇ ಬೇರೆ ದಾರಿಯಲ್ಲಿ ಮಾಡುತ್ತದೆ. ತವರ 232 ಡಿಗ್ರಿಗೇ ಕರಗುವುದರಿಂದ ಅದಕ್ಕೆ ಕುಲುಮೆಯ ಕಾರ್ಖಾನೆ ಬೇಕಿಲ್ಲ; ಬೀದಿಯಲ್ಲಿ ಇದ್ದಿಲೊಲೆ ಹೂಡಿ, ಕಾದ ಪಾತ್ರೆಗೆ ನವಸಾಗರ ಉದುರಿಸಿ, ತವರ ಸವರಿ, ಹತ್ತಿಯುಂಡೆಯಿಂದ ಒರೆಸಿದರೆ ಒಳಮೈ ಬೆಳ್ಳಿಯಂತಾಗುತ್ತದೆ. ಕಲಾಯಿ ಸವೆಯುತ್ತದೆ ನಿಜ, ಆದರೆ ಸವೆದಾಗ ಮತ್ತೆ ಹಾಕಿಸಬಹುದು. ಎನಾಮಲ್‌ಗೆ ಆ ಭಾಗ್ಯವಿಲ್ಲ. ಒಳಗಿನ ಗಾಜು ಒಮ್ಮೆ ಚಕ್ಕೆ ಎದ್ದಿತೆಂದರೆ ಅದನ್ನು ಸರಿಮಾಡಿಕೊಡುವವರು ಯಾವ ಪೇಟೆಯಲ್ಲೂ ಇಲ್ಲ, ಅದರಲ್ಲಿ ಅಡುಗೆಯನ್ನೂ ಮುಂದುವರಿಸಬಾರದು, ಏಕೆಂದರೆ ಗಾಜಿನ ಚೂರು ಅನ್ನದ ಜೊತೆ ಹೊಟ್ಟೆ ಸೇರಬಹುದು. ನೀಲಿ ಅಂಚಿನ ಬಿಳಿ ಎನಾಮಲ್ ತಟ್ಟೆ, ಬೋಗುಣಿಗಳನ್ನು ಹಳೆಯ ಆಸ್ಪತ್ರೆಗಳಲ್ಲಿ ನೋಡಿದವರಿಗೆ ಆ ಕಪ್ಪು ಮಚ್ಚೆಗಳ ನೆನಪಿರಬೇಕು. ಬೀಡಿನ ಮೇಲಿನ ಎನಾಮಲ್ ಅದಕ್ಕಿಂತ ದಪ್ಪ, ಹೆಚ್ಚು ಬಾಳಿಕೆಯದು. ಆದರೂ ಜಾತಿ ಒಂದೇ.

ಇಲ್ಲಿಗೆ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಈ ಪಾತ್ರೆಯ ಪರವಾಗಿ ತಂಗಿಯೂ, ಅವಳ ಸ್ನೇಹಿತೆಯರೂ, ಮಾರುವವರೂ ಹೇಳುವ ಮೊದಲ ಮಾತು, "ಒಮ್ಮೆ ಕೊಂಡರೆ ಜೀವನಪೂರ್ತಿ ಬರುತ್ತದೆ, ಮಕ್ಕಳಿಗೂ ಉಳಿಯುತ್ತದೆ" ಎಂಬುದು. ಈ ಮಾತಿಗೆ ಅಮೆರಿಕದ ಅಡುಗೆಮನೆಯಲ್ಲಿ ಬೆಲೆಯಿದೆ. ಅಲ್ಲಿ ಅದರ ಎದುರಾಳಿ ಕೆಲವೇ ವರ್ಷಗಳಲ್ಲಿ ಲೇಪ ಕಿತ್ತುಹೋಗಿ ಕಸದ ಬುಟ್ಟಿ ಸೇರುವ ನಾನ್‌ಸ್ಟಿಕ್ ಬಾಣಲೆ. ನಾಲ್ಕು ಬಾಣಲೆ ಎಸೆಯುವ ಬದಲು ಒಂದು ಗಟ್ಟಿ ಪಾತ್ರೆ ಎಂದು ಅಲ್ಲಿ ಲೆಕ್ಕ ಹಾಕಬಹುದು. ನಮ್ಮ ಅಡುಗೆಮನೆಯಲ್ಲಿ ಜೀವನಪೂರ್ತಿ ಬರದ ಪಾತ್ರೆ ಯಾವುದಿದೆ? ನಮ್ಮ ಅತ್ತೆಯವರ ಮದುವೆಯಲ್ಲಿ ಬಂದ, ಅಂಚಿನ ಮೇಲೆ ಕೊಟ್ಟವರ ಹೆಸರು ಮತ್ತು ತಾರೀಕು ಕೊರೆಸಿದ ಸ್ಟೀಲ್ ಪಾತ್ರೆಗಳಲ್ಲಿ ಇಂದಿಗೂ ಹಾಲು ಕಾಯುತ್ತಿದೆ. ಹಿತ್ತಾಳೆ ಕೊಳದಪ್ಪಲೆ ಅಟ್ಟದ ಮೇಲಿದ್ದರೂ ಸಾಯಲಿಲ್ಲ. ಗಾಸ್ಕೆಟ್ ಬದಲಾಯಿಸುತ್ತ ಹೋದರೆ ಕುಕ್ಕರು ಒಂದು ತಲೆಮಾರು ದುಡಿಯುತ್ತದೆ. ಬಾಳಿಕೆ ಎಂಬುದು ನಮ್ಮಲ್ಲಿ ಪಾತ್ರೆಯ ಮಾಮೂಲಿ ಗುಣ, ಅದಕ್ಕೆಂದೇ ಪ್ರತ್ಯೇಕ ಬೆಲೆ ಕೊಟ್ಟು ರೂಢಿಯಿಲ್ಲ. ಹಾಗಾಗಿ 30,000 ರೂಪಾಯಿಯನ್ನು ಐವತ್ತು ವರ್ಷಗಳಿಗೆ ಭಾಗಿಸಿ ತಿಂಗಳಿಗೆ ಐವತ್ತೇ ರೂಪಾಯಿ ಎಂದು ತೋರಿಸುವ ಗಣಿತ ನನ್ನನ್ನು ಒಲಿಸಲಿಲ್ಲ. ಭಾಗಿಸಬೇಕಾದದ್ದು ವರ್ಷಗಳಿಂದಲ್ಲ, ಅದು ಒಲೆಯ ಮೇಲೇರುವ ದಿನಗಳಿಂದ.

ಎಷ್ಟು ದಿನ ಏರೀತು ಎಂಬುದು ಶಾಖದ ವಿಷಯ. ಬೀಡು ಕಬ್ಬಿಣದ ಬಗ್ಗೆ "ಶಾಖವನ್ನು ಸಮವಾಗಿ ಹರಡುತ್ತದೆ" ಎನ್ನುವುದನ್ನು ನೀವೂ ಕೇಳಿರುತ್ತೀರಿ. ಅದು ಸರಿಯಲ್ಲ. ಶಾಖವನ್ನು ಸಾಗಿಸುವುದರಲ್ಲಿ ಅಲ್ಯುಮಿನಿಯಂ ಬೀಡು ಕಬ್ಬಿಣಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು ಚುರುಕು, ತಾಮ್ರ ಏಳೆಂಟು ಪಟ್ಟು. ನಮ್ಮ ಗ್ಯಾಸ್ ಒಲೆಯ ಸಣ್ಣ ಬರ್ನರಿನ ಮೇಲೆ ಅಗಲವಾದ ಬೀಡಿನ ಪಾತ್ರೆಯಿಟ್ಟು ಉರಿ ದೊಡ್ಡದು ಮಾಡಿದರೆ ನಡುವೆ ತಳ ಹಿಡಿಯುತ್ತದೆ, ಅಂಚು ಇನ್ನೂ ಬೆಚ್ಚಗಾಗಿರುವುದಿಲ್ಲ. ಅದರ ನಿಜವಾದ ಗುಣ ಬೇರೆ. ತನ್ನ ತೂಕದಿಂದಾಗಿ ಅದು ತುಂಬ ಶಾಖವನ್ನು ಒಳಗೆ ಕೂಡಿಟ್ಟುಕೊಳ್ಳುತ್ತದೆ; ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ, ತಣ್ಣನೆಯ ತರಕಾರಿಯನ್ನೋ ಮಾಂಸವನ್ನೋ ಸುರಿದಾಗಲೂ ಕಾವು ಕಳೆದುಕೊಳ್ಳುವುದಿಲ್ಲ. ಕಲ್ಚಟ್ಟಿಯಲ್ಲಿ ಗೊಜ್ಜು ಮಾಡಿದವರಿಗೆ ಇದೇನೂ ಹೊಸದಲ್ಲ. ಒಲೆಯಿಂದ ಇಳಿಸಿದ ಮೇಲೂ ಕಲ್ಲಿನ ಪಾತ್ರೆಯಲ್ಲಿ ಗೊಜ್ಜು ಕೊತಕೊತ ಎನ್ನುತ್ತಲೇ ಇರುತ್ತದೆ. ಬಳಪದ ಕಲ್ಲು ಕಿಲೋಗೆ ಕಿಲೋ ತೂಗಿದರೆ ಕಬ್ಬಿಣದ ಎರಡು ಪಟ್ಟು ಶಾಖ ಹಿಡಿದಿಡುತ್ತದೆ, ಹುಣಸೆಹುಳಿಗೆ ಜಗ್ಗುವುದಿಲ್ಲ, ಮತ್ತು ಅದರ ಬೆಲೆ ಫ್ರಾನ್ಸಿನ ಪಾತ್ರೆಯ ಹತ್ತನೇ ಒಂದು ಪಾಲೂ ಆಗುವುದಿಲ್ಲ. ಕೈಜಾರಿದರೆ ಒಡೆಯುತ್ತದೆ ಎಂಬುದೊಂದು ದೋಷ. ಆ ದೋಷ ಗಾಜು ಹೊದ್ದ ಕಬ್ಬಿಣಕ್ಕೂ ಬೇರೆ ಬಗೆಯಲ್ಲಿ ಇದೆ.

ಭಾರದ ಪಾತ್ರೆ ಗ್ಯಾಸ್ ಕುಡಿಯುತ್ತದೆ ಎಂದು ನಮ್ಮ ಯಜಮಾನರು ಆಕ್ಷೇಪಿಸಿದರು. ಲೆಕ್ಕ ಹಾಕಿ ನೋಡಿದೆ. ಐದು ಕಿಲೋ ಕಬ್ಬಿಣವನ್ನು ನೀರು ಕುದಿಯುವ ಮಟ್ಟಕ್ಕೆ ಕಾಯಿಸಲು ಬೇಕಾಗುವ ಶಾಖ ಅರ್ಧ ಲೀಟರಿಗಿಂತ ತುಸು ಹೆಚ್ಚು ನೀರು ಕಾಯಿಸಿದಷ್ಟೇ. ಒಲೆಯಿಂದ ಪೋಲಾಗುವುದನ್ನು ಸೇರಿಸಿದರೂ ಸುಮಾರು ಆರು ಗ್ರಾಂ ಅನಿಲ. 14.2 ಕಿಲೋದ ಸಿಲಿಂಡರಿನಲ್ಲಿ ಅದು ಲೆಕ್ಕಕ್ಕಿಲ್ಲ. ಆದರೆ ಅನಿಲ ನಿಜವಾಗಿ ಖರ್ಚಾಗುವುದು ಕುಕ್ಕರನ್ನು ಬದಿಗಿಟ್ಟು ಈ ಪಾತ್ರೆಯಲ್ಲಿ ಬೇಳೆ ಬೇಯಿಸಲು ಹೊರಟಾಗ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವುದರಿಂದ ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಕರಗಲು ಇನ್ನಷ್ಟು ಹೊತ್ತು ಹಿಡಿಯುತ್ತದೆ, ಬೋರ್‌ವೆಲ್ಲಿನ ಗಡಸು ನೀರಾದರಂತೂ ಕೇಳುವುದೇ ಬೇಡ. ಕುಕ್ಕರು ಆವಿಯನ್ನು ಅದುಮಿ ಒಳಗಿನ ಶಾಖವನ್ನು 120 ಡಿಗ್ರಿಯ ಸಮೀಪಕ್ಕೆ ಒಯ್ಯುತ್ತದೆ. ಒಂದರ ಮೇಲೊಂದು ಡಬ್ಬಿಯಿಟ್ಟು ಅನ್ನ, ಬೇಳೆ, ತರಕಾರಿ ಮೂರನ್ನೂ ಒಂದೇ ಉರಿಯಲ್ಲಿ ಬೇಯಿಸಿಕೊಳ್ಳುವ ನಮ್ಮ ಬೆಳಗಿನ ಅವಸರದ ಎದುರು, ಎರಡು ಗಂಟೆ ಮಂದವಾಗಿ ಬೇಯಿಸುವುದಕ್ಕೆಂದೇ ಹುಟ್ಟಿದ ಪಾತ್ರೆ ಏನು ತಾನೇ ಮಾಡೀತು? ನಾಲ್ಕು ಕೂಗು ಆಗುವುದರೊಳಗೆ ಅದಿನ್ನೂ ಬಿಸಿಯಾಗಿರುವುದಿಲ್ಲ.

ಇನ್ನು ಒಗ್ಗರಣೆ. ಎನಾಮಲ್ ಪಾತ್ರೆಯ ಜೊತೆ ಬರುವ ಸೂಚನೆಗಳಲ್ಲಿ ಎರಡು ಮುಖ್ಯವಾದವು: ಬರಿದಾದ ಪಾತ್ರೆಯನ್ನು ದೊಡ್ಡ ಉರಿಯಲ್ಲಿ ಕಾಯಿಸಬಾರದು, ಕಾದ ಪಾತ್ರೆಗೆ ತಣ್ಣೀರು ಹೊಯ್ಯಬಾರದು. ನಾವು ಸಾರು ಮಾಡುವಾಗ ಮಾಡುವುದು ಅವೆರಡನ್ನೇ. ಬಾಣಲೆ ಕಾಯಲಿಟ್ಟು, ಎಣ್ಣೆ ಬಿಟ್ಟು, ಸಾಸಿವೆ ಸಿಡಿದು ಇಂಗು ಕರಿಬೇವು ಬಿದ್ದ ಮೇಲೆ, ಬಿಂದಿಗೆಯಿಂದ ಒಂದು ಚೊಂಬು ನೀರನ್ನು ಚೊಯ್ಯೆಂದು ಸುರಿಯುತ್ತೇವೆ. ಸ್ಟೀಲು, ಹಿಂಡಾಲಿಯಂ ಇದಕ್ಕೆಲ್ಲ ಕದಲುವುದಿಲ್ಲ. ಗಾಜಿಗೆ ಇದೇ ಯಮ. ಒಮ್ಮೆಗೆ ಏನೂ ಆಗದಿರಬಹುದು. ದಿನವೂ ಹೀಗೆ ಮಾಡಿದರೆ ಪದರದಲ್ಲಿ ಬಿರುಕು ಹುಟ್ಟುವುದು ಖಚಿತ, ಮತ್ತು ಇಂಥ ಹಾನಿಗೆ ಕಂಪನಿಯ ಜೀವಮಾನದ ಗ್ಯಾರಂಟಿ ಅನ್ವಯಿಸುವುದಿಲ್ಲ. ಬಿಸಿನೀರು ಮಾಡಿಟ್ಟುಕೊಂಡು ಹೊಯ್ಯಬಹುದು, ಒಗ್ಗರಣೆಯನ್ನು ಸೌಟಿನಲ್ಲಿ ಬೇರೆಯಾಗಿ ಹಾಕಬಹುದು. ಆದರೆ ಪಾತ್ರೆಗಾಗಿ ಕೈಯ ಅಭ್ಯಾಸವನ್ನೇ ಬದಲಿಸಿಕೊಳ್ಳಬೇಕಾದರೆ, ಆ ಪಾತ್ರೆ ಪ್ರತಿಯಾಗಿ ದೊಡ್ಡದೇನನ್ನಾದರೂ ಕೊಡಬೇಕು. ಅರಿಶಿನದ ವಿಷಯವೂ ಇದೆ. ಲ ಕ್ರೂಸೆಯ ಒಳಮೈ ತಿಳಿ ಮರಳು ಬಣ್ಣದ್ದು. ಈರುಳ್ಳಿ ಎಷ್ಟು ಕೆಂಪಾಯಿತು ಎಂಬುದು ಅದರಲ್ಲಿ ಚೆನ್ನಾಗಿ ಕಾಣುತ್ತದೆ, ಹಾಗೆಯೇ ಅರಿಶಿನದ ಕಲೆಯೂ ಚೆನ್ನಾಗಿ ಕೂರುತ್ತದೆ. ಅಲ್ಸೇಸಿನಲ್ಲಿ 1974ರಲ್ಲಿ ಶುರುವಾದ ಸ್ಟೌಬ್ ಕಂಪನಿಯ ಪಾತ್ರೆಗಳ ಒಳಗೆ ಕಪ್ಪು ಎನಾಮಲ್. ಅಲ್ಲಿ ಕಲೆ ಕಾಣದು, ಸಾಸಿವೆ ಸೀದದ್ದೂ ಕಾಣದು. ನನಗಾದರೆ ಕಪ್ಪೇ ಇರಲಿ ಎನಿಸುತ್ತದೆ, ಸಾಸಿವೆಯನ್ನು ಕಿವಿ ನೋಡಿಕೊಳ್ಳುತ್ತದೆ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹಿಂಜರಿಯುವಂತೆ ಮಾಡಿದ್ದು ಸಿಂಕು. ನಮ್ಮ ಮನೆಯ ಪಾತ್ರೆಗಳನ್ನು ತೊಳೆಯುವವರು ಬೆಳಗ್ಗೆ ನಾಲ್ಕು ಮನೆ ಮುಗಿಸುವ ಧಾವಂತದಲ್ಲಿರುತ್ತಾರೆ. ಸ್ಟೀಲ್ ಸ್ಕ್ರಬ್ಬರು, ಸಬೀನಾ ಪುಡಿ, ಒಂದರ ಮೇಲೊಂದು ಪೇರಿಸಿದ ಪಾತ್ರೆ, ಇದು ಅವರ ಕ್ರಮ, ಮತ್ತು ಆ ಕ್ರಮದಿಂದಲೇ ಅವರ ಕೆಲಸ ಸಾಗುತ್ತದೆ. ಐದು ಕಿಲೋದ ನುಣುಪು ಪಾತ್ರೆಯನ್ನು ಸೋಪಿನ ಕೈಯಲ್ಲಿ ಎತ್ತಿ ತೊಳೆಯಿರಿ, ಗೀಚಬೇಡಿ, ಗ್ರಾನೈಟ್ ಕಟ್ಟೆಗೆ ತಾಗಿಸಬೇಡಿ ಎಂದು ಅವರಿಗೆ ಹೇಳುವುದು, ಅದರ ಬೆಲೆ ಅವರ ತಿಂಗಳ ಸಂಪಾದನೆಗಿಂತ ಹೆಚ್ಚಿರಬಹುದು ಎಂದು ತಿಳಿದೂ ಹೇಳುವುದು, ನನಗೆ ಆಗದ ಕೆಲಸ. ಹಾಗಾದರೆ ಅದನ್ನು ನಾನೇ ತೊಳೆಯಬೇಕು. ತುಂಬಿದ ಪಾತ್ರೆಯನ್ನು ಅತ್ತೆಯವರು ಒಬ್ಬರೇ ಇಳಿಸಲಾರರು. ಇಕ್ಕಳಕ್ಕೆ ಅದು ಬಗ್ಗದು, ಮಸಿಬಟ್ಟೆ ಹಿಡಿದು ಎರಡು ಕೈಯಲ್ಲಿ ಎತ್ತಿದರೂ ಎಂಟೊಂಬತ್ತು ಕಿಲೋ. ಮನೆಯ ಎಲ್ಲರ ಕೈಗೂ ಒಗ್ಗದ ಪಾತ್ರೆ ಶೋಕೇಸಿನ ಕಡೆಗೆ ಸರಿಯತೊಡಗುತ್ತದೆ.

ಆರೋಗ್ಯದ ಮಾತನ್ನು ಬೇಗ ಮುಗಿಸುತ್ತೇನೆ. ಎನಾಮಲ್ ಪಾತ್ರೆಯಿಂದ ಆಹಾರಕ್ಕೆ ಏನೂ ಇಳಿಯುವುದಿಲ್ಲ ಎನ್ನುವುದನ್ನು ಗುಣವೆಂದು ಹೇಳುತ್ತಾರೆ, ಒಳ್ಳೆಯ ತಯಾರಕರದ್ದಾದರೆ ಅದು ನಿಜವೂ ಹೌದು. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಅಂಥ ದೇಶದಲ್ಲಿ ಪಲ್ಯ ಬಾಡಿಸಲು ಲೇಪವಿಲ್ಲದ ಕಬ್ಬಿಣದ ಬಾಣಲೆಯೇ ಮೇಲಲ್ಲವೇ? ರಕ್ತಹೀನತೆಗೆ ಬಾಣಲೆಯೊಂದೇ ಮದ್ದಲ್ಲ, ಅಷ್ಟು ನನಗೂ ಗೊತ್ತು. ಸ್ವಲ್ಪವಾದರೂ ಸಿಗುವ ಕಬ್ಬಿಣಕ್ಕೆ ಅಡ್ಡವಾಗಿ ಗಾಜು ಹಚ್ಚಿ, ಅದಕ್ಕೆ ಹೆಚ್ಚು ದುಡ್ಡು ಕೊಡುವುದು ವಿಚಿತ್ರವೆನಿಸುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಈ ಪಾತ್ರೆ ಯಾರಿಗೂ ಬೇಡ ಎನ್ನಲಾರೆ. ನಮ್ಮ ಅಕ್ಕಪಕ್ಕದಲ್ಲೇ ಮನೆಯಲ್ಲಿ ಬ್ರೆಡ್ ಮಾಡುವ ಹುಡುಗ ಹುಡುಗಿಯರು ಈಗ ಬಹಳ ಮಂದಿ ಇದ್ದಾರೆ. ನ್ಯೂಯಾರ್ಕಿನ ಬೇಕರ್ ಜಿಮ್ ಲೇಹಿ ಅವರ ನಾದದೆ ಮಾಡುವ ಬ್ರೆಡ್ಡಿನ ವಿಧಾನ 2006ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಬಂದ ಮೇಲೆ ಇಂಥ ಪಾತ್ರೆಗಳಿಗೆ ಹೊಸ ಕೆಲಸ ಸಿಕ್ಕಿತು. ತೆಳುವಾದ, ಅಂಟಂಟಾದ ಹಿಟ್ಟನ್ನು ಕಾದ ಪಾತ್ರೆಯೊಳಗೆ ಹಾಕಿ ಮುಚ್ಚಿದರೆ ಹಿಟ್ಟಿನಿಂದಲೇ ಏಳುವ ಆವಿ ಭಾರದ ಮುಚ್ಚಳದಡಿ ಉಳಿದು, ಬ್ರೆಡ್ಡಿನ ಮೇಲ್ಮೈ ಬೇಗ ಗಟ್ಟಿಯಾಗದಂತೆ ಕಾಯುತ್ತದೆ. ಬ್ರೆಡ್ಡು ಚೆನ್ನಾಗಿ ಉಬ್ಬಿದ ಮೇಲೆ ಮುಚ್ಚಳ ತೆಗೆದರೆ ಹೊರಗವಚ ಗರಿಗರಿಯಾಗುತ್ತದೆ. ಇದನ್ನು ಕುಕ್ಕರು, ಕಲ್ಚಟ್ಟಿ ಯಾವುದೂ ಮಾಡಲಾರವು. ಲೇಪವಿಲ್ಲದ ಬೀಡಿನ ಪಾತ್ರೆಯೂ ಈ ಕೆಲಸವನ್ನು ಅಷ್ಟೇ ಚೆನ್ನಾಗಿ ಮಾಡುತ್ತದೆ ಎಂಬುದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಭಾನುವಾರಗಳಲ್ಲಿ ಕಾಲುಸೂಪು, ಮಟನ್ ಸಾರು ಮಂದ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ಮನೆಗಳಿಗೆ, ದಮ್ ಬಿರಿಯಾನಿ ಮಾಡುವವರಿಗೆ, ಹುರುಳಿಕಟ್ಟನ್ನು ಬತ್ತಿಸಿ ಬತ್ತಿಸಿ ಇಡುವವರಿಗೆ, ಹಾಲು ಕಾಯಿಸಿ ಖೋವಾ ಮಾಡುವ ತಾಳ್ಮೆಯುಳ್ಳವರಿಗೆ ಎನಾಮಲ್ಲಿನ ಉಪಯೋಗ ನಿಜವಾಗಿಯೂ ಇದೆ. ರಾಗಿಮುದ್ದೆಗೆ ಬೇಡ, ಕೋಲು ಹಾಕಿ ಗೋಟಾಯಿಸುವ ರಭಸಕ್ಕೆ ಆ ಗಾಜನ್ನು ಒಡ್ಡಲು ನನಗೆ ಧೈರ್ಯ ಸಾಲದು.

ಅಂಥ ಮನೆಯವರೂ ಅತಿ ದುಬಾರಿಯದನ್ನೇ ಕೊಳ್ಳಬೇಕೆಂದಿಲ್ಲ. 1896ರಿಂದ ಬೀಡಿನ ಪಾತ್ರೆ ಮಾಡುತ್ತಿರುವ ಅಮೆರಿಕದ ಲಾಡ್ಜ್ ಕಂಪನಿ ಚೀನಾದಲ್ಲಿ ಮಾಡಿಸುವ ಎನಾಮಲ್ ಪಾತ್ರೆಗಳು ಅಲ್ಲಿ 100 ಡಾಲರಿನೊಳಗೆ ಸಿಗುತ್ತವೆ. ಅವು ತುಸು ಹೆಚ್ಚು ಭಾರ, ಅಂಚಿನ ಎನಾಮಲ್ ಬೇಗ ಚಕ್ಕೆ ಏಳುವ ಸಂಭವ ಸ್ವಲ್ಪ ಹೆಚ್ಚು. ಒಳಗೆ ಬೇಯುವ ಮಾಂಸಕ್ಕೆ ಮಾತ್ರ ವ್ಯತ್ಯಾಸ ತಿಳಿಯದು, ಏಕೆಂದರೆ ಕಬ್ಬಿಣ ಅದೇ ಕಬ್ಬಿಣ, ಶಾಖದ ಲೆಕ್ಕ ಅದೇ ಲೆಕ್ಕ. ಹೆಸರೇ ಇಲ್ಲದ ತೀರ ಅಗ್ಗದ ಪಾತ್ರೆಗಳಿಂದ ದೂರವಿರುವುದು ಲೇಸು. ಸೀಸ ಮತ್ತು ಕ್ಯಾಡ್ಮಿಯಂ ಪರೀಕ್ಷೆಯಾಗಿದೆಯೆಂದು ಬರೆದುಕೊಡದವರ ಗಾಜಿನಲ್ಲಿ ಹುಣಸೆಹುಳಿ ಕುದಿಸುವುದು ಬೇಡ.

ನನ್ನ ಮಟ್ಟಿಗೆ ತೀರ್ಮಾನವಾಯಿತು, ನಮಗೆ ಬೇಡ. ಸಸ್ಯಾಹಾರದ ಮನೆ, ವಾರದ ಆರು ದಿನ ಕುಕ್ಕರು, ಗೊಜ್ಜಿಗೆ ಕಲ್ಚಟ್ಟಿ, ದೋಸೆಗೆ ಬೀಡಿನ ಕಾವಲಿ. ಇವುಗಳ ನಡುವೆ ಅದಕ್ಕೆ ವರ್ಷಕ್ಕೆ ಹತ್ತು ದಿನ ಕೆಲಸ ಹುಡುಕಿಕೊಡುವುದೂ ಕಷ್ಟ. ಬ್ರೆಡ್ಡಿನ ಹುಚ್ಚು ಹಿಡಿಸಿಕೊಂಡಿರುವ ನನ್ನ ಅಣ್ಣನ ಮಗ ಕೇಳಿದಾಗ ಮಾತ್ರ, ಕೊಳ್ಳು, ಆದರೆ ಮೊದಲು ನಿನ್ನ ಓಟಿಜಿಯನ್ನು (ಮೇಜಿನ ಮೇಲಿಡುವ ವಿದ್ಯುತ್ ಓವನ್ನನ್ನು) ಅಳೆ ಎಂದೆ. 26 ಸೆಂಟಿಮೀಟರಿನ ಪಾತ್ರೆ ಎರಡೂ ಬದಿಯ ಹಿಡಿಗಳು ಸೇರಿದರೆ 30 ಸೆಂಟಿಮೀಟರ್ ಮೀರುತ್ತದೆ, ಮುಚ್ಚಳದ ಗುಬುಟು ಸೇರಿ ಎತ್ತರವೂ ಕಡಿಮೆಯಿಲ್ಲ. ಮನೆಗಳಲ್ಲಿರುವ ಎಷ್ಟೋ ಸಣ್ಣ ಓಟಿಜಿಗಳಲ್ಲಿ ಅದು ಕೂರುವುದೇ ಇಲ್ಲ, ಕೂತರೂ ಮೇಲಿನ ಕಾಯಿಲ್‌ಗೆ ತಾಗುತ್ತದೆ. ಕನ್ವೆಕ್ಷನ್ ಮೈಕ್ರೋವೇವಿನ ತಿರುಗುವ ತಟ್ಟೆ ಅಷ್ಟು ಭಾರ ತಾಳುತ್ತದೋ ಇಲ್ಲವೋ ಎಂಬುದನ್ನು ಅದರ ಕೈಪಿಡಿಯಲ್ಲೇ ನೋಡಬೇಕು. ಬ್ರೆಡ್ಡಿಗೆ ಬೇಕಾಗುವ 230, 250 ಡಿಗ್ರಿ ಶಾಖಕ್ಕೆ ಪ್ಲಾಸ್ಟಿಕ್ಕಿನ ಗುಬುಟು ಆಗದಿರಬಹುದು, ಲೋಹದ್ದೇ ಕೇಳಿ ಹಾಕಿಸಿಕೊಳ್ಳಬೇಕು. ಅವನು ಟೇಪು ಹಿಡಿದು ಅಳೆದು, ತನ್ನ ಓಟಿಜಿಗೆ 22 ಸೆಂಟಿಮೀಟರಿನದೇ ಸರಿ ಎಂದು ಹೇಳಿದ್ದಾನೆ; ಲೇಪವಿರುವುದೋ ಇಲ್ಲದ್ದೋ ಎಂಬುದಿನ್ನೂ ತೀರ್ಮಾನವಾಗಿಲ್ಲ.